ನೂರು ನಾಟಕ, ಒಂದು ಮಾತು

ಗಾಳಿಶಕೆ ಇನ್ನೂರ ಹದಿನಾಲ್ಕು, ಹದಿಮೂರನೆಯ ತಿಂಗಳ ಐದನೆಯ ದಿನ, ಬೆಳಗಿನ ಹೊತ್ತು.
ಕಪ್ಪತಗುಡ್ಡದ ಬೆನ್ನ ಮೇಲಿನ ಗಾಳಿಕೇರಿ, ರಂಗಮಂದಿರ.

ಮುನ್ನೂರು ವರ್ಷಗಳ ಹಿಂದೆ ಕುಳಿತು ಈ ಕಾಗದ ಬಿಚ್ಚುತ್ತಿರುವ ಮಹನೀಯರೇ, ಮಹಾತಾಯಂದಿರೇ! ಮೂರನೆಯ ಗಂಟೆ ಹೊಡೆದಾಗಿದೆ, ಪರದೆ ಸರಿದಿದೆ, ರಂಗದ ಮೇಲೆ ನಾನೊಬ್ಬಳೇ ನಿಂತಿದ್ದೇನೆ. ಹೆಸರು ಫಕೀರವ್ವ, ವಯಸ್ಸು ಅರವತ್ತು. ಕಂಠ ಇಂದಿಗೂ ಕಡೆಯ ಸಾಲು ದಾಟಿ ಬಾಗಿಲಾಚೆಗೆ ಮುಟ್ಟುತ್ತದೆ, ಆದರೆ ಸಾಲುಗಳಲ್ಲಿ ಯಾರೂ ಇಲ್ಲ. ತಾರೀಕು ನೋಡಿ ನಗಬೇಡಿ. ವರ್ಷದ ಕೊನೆಗೆ ಗಾಳಿ ನಿಂತುಬಿಡುವ ಇಪ್ಪತ್ತು ದಿನಗಳನ್ನು ನಾವು ಬೇರೆ ತೆಗೆದಿಟ್ಟು ‘ಬೀಸದ ತಿಂಗಳು’ ಎನ್ನುತ್ತೇವೆ. ನನ್ನ ಮಾತುಗಳು ನಿಮ್ಮ ಕಿವಿಗೆ ಒರಟಾಗಿ, ಕೆಲವೊಮ್ಮೆ ಅರ್ಥಗೆಟ್ಟು ಕೇಳಿಸಿದರೆ ಕ್ಷಮೆಯಿರಲಿ. ನಾಟಕದ ಕಂಪನಿಯ ತೊಟ್ಟಿಲಲ್ಲಿ ಬೆಳೆದವಳು, ಮೆಲ್ಲಗೆ ಬರೆಯುವುದು ಬಾರದು. ಈ ಕಾಗದವನ್ನು ಹಿನ್ನಂಚೆಗೆ ಹಾಕುತ್ತಿದ್ದೇನೆ. ಹಿನ್ನಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಯಂತ್ರ. ಅದರಿಂದ ಉತ್ತರ ಬರುವುದಿಲ್ಲವೆಂದು ನಮ್ಮವರು ಬೇಸತ್ತು ಇಲ್ಲೇ ಬಿಟ್ಟುಹೋದರು. ನನ್ನನ್ನು ಬಿಟ್ಟುಹೋದ ಹಾಗೆಯೇ ಎನ್ನಬೇಡಿ, ನಾನು ಹಟ ಮಾಡಿ ಉಳಿದವಳು.

ಈ ಊರು ಹೇಗಿತ್ತು ಎಂಬುದನ್ನು ಮೊದಲು ಕಣ್ಣಮುಂದೆ ಇಟ್ಟುಕೊಳ್ಳಿ. ಗುಡ್ಡದ ಉದ್ದಕ್ಕೂ ನಾನೂರು ಗಾಳಿಕಂಬಗಳು, ಒಂದೊಂದು ಕಂಬದ ಬುಡದಲ್ಲಿ ಒಂದೊಂದು ಸಂಸಾರ. ಮೇಲೆ ರೆಕ್ಕೆ ತಿರುಗುತ್ತಿದ್ದರೆ ಕೆಳಗೆ ರೊಟ್ಟಿ ಬೇಯುತ್ತಿತ್ತು. ಮಂಜಿನ ಬಲೆಗಳಿಂದ ತೊಟ್ಟಿಕ್ಕಿದ ನೀರು ಕೊಡ ತುಂಬುತ್ತಿತ್ತು. ಒಣಗಲು ಹಾಕಿದ ಸೀರೆಗೆ ಕಲ್ಲು ಕಟ್ಟದಿದ್ದರೆ ಅದನ್ನು ಪಕ್ಕದ ಗುಡ್ಡದಿಂದ ತರಬೇಕಾಗುತ್ತಿತ್ತು. ಹಗಲೂ ಇರುಳೂ ರೆಕ್ಕೆಗಳ ಮೊರೆತ. ಆದ್ದರಿಂದ ನಮ್ಮಲ್ಲಿ ಪಿಸುಮಾತು ಎಂಬುದೇ ಇರಲಿಲ್ಲ. ಗಂಡಹೆಂಡಿರ ಗುಟ್ಟೂ ನಾಲ್ಕು ಕಂಬದಾಚೆ ಕೇಳುತ್ತಿತ್ತು. ಅಂಥ ಊರಿನಲ್ಲಿ ಗಟ್ಟಿ ದನಿಯವಳಾದ ನಾನು ರಾಣಿ. ಮಾತು ತಡೆದು ಉಗ್ಗುವ ಅಂದಾನಪ್ಪ, ನನ್ನ ಓಣಿಯವನು, ನನ್ನದೇ ವಯಸ್ಸಿನವನು, ಯಾರಿಗೂ ಬೇಡದವನು. ಅವನು ಮೊದಲ ಅಕ್ಷರದ ಜೊತೆ ಹೆಣಗಾಡಿ ಮುಗಿಸುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು.

ಈಗ ನಮ್ಮ ಪದ್ಧತಿ ಹೇಳುತ್ತೇನೆ, ಕಿವಿಗೊಡಿ. ಹದಿನೆಂಟು ತುಂಬಿದ ಯಾರೇ ಆಗಲಿ, ಊರ ಮುಂದೆ ನಿಂತು ತನ್ನ ಬಾಳಿನ ಗುರಿ ಸಾರಬೇಕು. ಅದನ್ನು ಮುರಿದ ಗಾಳಿರೆಕ್ಕೆಯಿಂದ ಕೊಯ್ದ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದು ಗುರಿಗೋಡೆಗೆ ತೂಗುಹಾಕುತ್ತಾರೆ. ಹಲಗೆಗೆ ನಾಲ್ಕೇ ಸಾಲು: ಏನು, ಎಷ್ಟು, ಯಾವಾಗಿನೊಳಗೆ, ಸಾಕ್ಷಿ ಯಾರು. ಒಂದೇ ದಿನ ಸಾರಿದ ಇಬ್ಬರು ಒಬ್ಬರಿಗೊಬ್ಬರು ಗುರಿಸಾಕ್ಷಿ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಸಾಕ್ಷಿಯಾದವರು ಬಂದು “ಎಲ್ಲಿತನಕ ಬಂತು?” ಎಂದು ವಿಚಾರಿಸಬೇಕು. ಗುರಿ ಮುಟ್ಟಿದ್ದನ್ನು ಸಾಕ್ಷಿ ಕಣ್ಣಾರೆ ಕಂಡರೆ, ಕಿವಿಯಾರೆ ಕೇಳಿದರೆ ಮಾತ್ರ ಸುಣ್ಣದ ಅಕ್ಷರವನ್ನು ಉಳಿಯಿಂದ ಕೆತ್ತಿ ಶಾಶ್ವತ ಮಾಡುತ್ತಾರೆ. ಸಾಕ್ಷಿ ಸಾಲಾಗಿ ಹನ್ನೆರಡು ಹುಣ್ಣಿಮೆ ವಿಚಾರಿಸಲು ತಪ್ಪಿದರೆ, ಗುರಿ ಸಾರಿದವನು ತನ್ನ ಕೈಯಿಂದಲೇ ಹಲಗೆ ಅಳಿಸಬೇಕು.

ನಾನು ಸಾರಿದ ದಿನ ಹಲಗೆ ಬರೆಯುತ್ತಿದ್ದವಳು ನಿಂಬೆವ್ವಜ್ಜಿ. ನಾನು ಎದೆ ಸೆಟೆಸಿ, ಬಲಗೈ ಆಕಾಶಕ್ಕೆತ್ತಿ, “ನಾಟಕರಂಗದಾಗ ದೊಡ್ಡ ಹೆಸರು ಮಾಡ್ತೀನಿ!” ಎಂದು ಗರ್ಜಿಸಿದೆ. ಅಜ್ಜಿ ಕುಂಚವನ್ನೇ ಅದ್ದಲಿಲ್ಲ.

“ದೊಡ್ಡದಂದ್ರ ಎಷ್ಟು ಮೊಳ ಆಗತೈತವಾ? ಅಳಿಯಾಕ ಬರೂದು ಹೇಳು, ಬರಕೋತೀನಿ.”

ಊರು ನಕ್ಕಿತು. ನಾನು ಕೆಂಪಾಗಿ, ಯೋಚಿಸಿ, ಹೇಳಿದೆ: ಮರೆತುಹೋದ ಹಳೆಯ ನಾಟಕ ನೂರು, ಒಂದೊಂದನ್ನೂ ಹುಡುಕಿ, ಬಾಯಿಪಾಠ ಮಾಡಿ, ರಂಗಕ್ಕೇರಿಸುವುದು, ಅರವತ್ತು ತುಂಬುವುದರೊಳಗೆ. ಅಜ್ಜಿ ಬೆರಳು ಮಡಿಚಿ, “ಐದು ಹುಣ್ಣಿವಿಗೆ ಒಂದು ನಾಟಕ. ಆಗತೈತಿ, ಮೈಗಳ್ಳಿ ಆಗದಿದ್ರ” ಎಂದು ಬರೆದಳು. ನನ್ನ ಹಿಂದೆ ಅಂದಾನಪ್ಪ ನಿಂತ. ಬಹಳ ಹೊತ್ತು ತುಟಿ ನಡುಗಿತು.

“ಸ... ಸ್ಟೇಜಿನ ಮ್ಯಾಲೆ ನಿಂತು... ಒ... ಒಂದು ಮಾತು. ತ... ತಡೀದಂಗ.”

“ಒಂದಽ ಮಾತಾ? ಅಷ್ಟು ನಮ್ಮ ಎಮ್ಮಿನೂ ಆಡತೈತಲೇ!” ಎಂದು ಯಾರೋ ಕೂಗಿದರು.

“ಮುಚ್ಚಲೇ ಬಾಯಿ,” ಎಂದಳು ಅಜ್ಜಿ. “ನಲವತ್ತು ವರ್ಷದಾಗ ಇಷ್ಟು ಚೊಕ್ಕ ಗುರಿ ನಾ ಬರದಿಲ್ಲ. ಯಾವ ಮಾತಪ್ಪಾ?”

ಅಂದಾನಪ್ಪ ನನ್ನ ಕಡೆ ನೋಡಿ ನಕ್ಕ. ಆಮೇಲೆ ಹೇಳುತ್ತೇನೆ ಎಂಬಂತೆ ಕೈಯಾಡಿಸಿದ.

ನಾನು ಮೈಗಳ್ಳಿಯಾಗಲಿಲ್ಲ, ಪೂರ್ವಜರೇ! ಒಂದು ಹುಣ್ಣಿಮೆ ಹುಡುಕಾಟಕ್ಕೆ, ಎರಡು ಬಾಯಿಪಾಠಕ್ಕೆ, ಎರಡು ತಾಲೀಮಿಗೆ. ಜ್ವರ ಬಂದರೂ ಲೆಕ್ಕ ಮುರಿಯಲಿಲ್ಲ. ನಿಮ್ಮ ಕಾಲದ ತುಕ್ಕು ಹಿಡಿದ ಧ್ವನಿಪೆಟ್ಟಿಗೆಗಳಿಂದ ಹಾಡು ಕಿತ್ತೆ, ಗೆದ್ದಲು ತಿಂದ ಪ್ರತಿಗಳಿಂದ ಕಂದಪದ್ಯ ಕಿತ್ತೆ, ಅರ್ಧ ಸಿಕ್ಕ ಅಂಕಗಳಿಗೆ ಉಳಿದರ್ಧ ನಾನೇ ಕಟ್ಟಿದೆ. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ತಾಲೀಮು ನಡೆದಿತ್ತು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಅಂದಾನಪ್ಪ ರಂಗದ ಮೆಟ್ಟಿಲ ಕೆಳಗೆ ಬಂದು ನಿಂತು “ಎ... ಎ... ಎಲ್ಲಿತನಕ ಬಂತು?” ಎನ್ನುತ್ತಿದ್ದ. ನಾನು ವರದಿ ಒಪ್ಪಿಸುತ್ತಿದ್ದೆ. ಆಮೇಲೆ ಅವನ ಸರದಿ. ಅವನು ಕಣ್ಣು ಮುಚ್ಚಿ ಯಾವುದಾದರೊಂದು ಮಾತು ಶುರುಮಾಡುತ್ತಿದ್ದ, ನಾನು ಕಾಯುತ್ತಿದ್ದೆ. ಅದು ತಡೆಯುತ್ತಿತ್ತು. ಇಬ್ಬರೂ ನಗುತ್ತಿದ್ದೆವು. ಆ ಕಾಲು ಗಂಟೆ ನನ್ನ ತಿಂಗಳಿನಲ್ಲಿ ಏನಾಗಿತ್ತು ಎಂಬುದು ನನ್ನ ಹಲಗೆಯ ಯಾವ ಸಾಲಿನಲ್ಲೂ ಇರಲಿಲ್ಲ.

ಎಪ್ಪತ್ತನೆಯ ನಾಟಕ ಕೈಕೊಟ್ಟಿತು. ಮೂರನೆಯ ಅಂಕ ಕೂಡಿಬರಲಿಲ್ಲ, ದಿನಗಳು ಓಡಿದವು. ಅಂದಾನಪ್ಪ ಬಂದ, ವಿಚಾರಿಸಿದ, ನಾನು ಉತ್ತರ ಕೊಟ್ಟು ಒಳಗೆ ತಿರುಗಿದೆ.

“ನ... ನಂದು ಕೇಳಾಂಗಿಲ್ಲೇನು, ಫ... ಫಕೀರವ್ವಾ?”

“ಬರೂ ಹುಣ್ಣಿವಿಗೆ ಕೇಳ್ತೀನಿ, ಅಂದಾನಿ. ಈ ಮೂರನೇ ಅಂಕ ಕುಂದರವಲ್ದು ನೋಡು.”

ಬರುವ ಹುಣ್ಣಿಮೆಗೂ ಅದೇ ಮಾತು. ಅದರ ಮುಂದಿನದಕ್ಕೂ. ಆಮೇಲೆ ಅವನು ಜ್ಞಾಪಿಸುವುದನ್ನು ಬಿಟ್ಟ. ತಾನು ಬರುವುದನ್ನು ಮಾತ್ರ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಗಾಳಿ ದಿಕ್ಕು ಬದಲಿಸಿತು. ಗಾಳಿ ಪಡುವಣಕ್ಕೆ ಸರಿದರೆ ಊರೂ ಕಂಬ ಕಿತ್ತು ಪಡುವಣಕ್ಕೆ ಸರಿಯಬೇಕು. ನಮ್ಮ ಬಾಳೇ ಹಾಗೆ. ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿನಲ್ಲಿ, ಹುಣ್ಣಿಮೆಯ ಒಂದು ಬೆಳಿಗ್ಗೆ, ನಾನು ನೂರನೆಯ ನಾಟಕ ಆಡಿದೆ. ಹನ್ನೊಂದು ಜನ ನೋಡಿದರು. ಎಷ್ಟು ಜನ ನೋಡಬೇಕೆಂದು ಹಲಗೆ ಹೇಳಿರಲಿಲ್ಲ. ಆಟ ಮುಗಿದು, ನೋಡಿದವರು ಗಂಟು ಕಟ್ಟಲು ಓಡಿದ ಮೇಲೆ ನಾನು ರಂಗದ ಮೇಲೆಯೇ ಕನ್ನಡಿ ಹಿಡಿದು ರಾಜನ ಮೀಸೆಯ ಅಂಟು ಬಿಡಿಸುತ್ತ ಕುಳಿತಿದ್ದೆ. ಹಿಂದೆ ನೆಲದ ಹಲಗೆ ಕಿರುಗುಟ್ಟಿತು. ಯಾರೋ ಮೆಟ್ಟಿಲೇರಿ ಬಂದು ನಿಂತರು.

“ಎಲ್ಲಿತನಕ ಬಂತು, ಫಕೀರವ್ವ?”

“ಮುಗೀತೋ ಅಂದಾನಿ! ನೂರಕ್ಕ ನೂರೂ ಮುಗೀತು!” ಎಂದು ನಾನು ಕನ್ನಡಿಗೆ ಅಬ್ಬರಿಸಿದೆ.

ಅವನು ಸ್ವಲ್ಪ ಹೊತ್ತು ನಿಂತಿದ್ದ. ಮೀಸೆಯ ಎಡತುದಿ ಚರ್ಮ ಕಿತ್ತುಕೊಂಡು ಬರುತ್ತಿತ್ತು, ನಾನು ತಿರುಗಲಿಲ್ಲ. “ಚ... ಚೊಲೋ ಆತು,” ಎಂದು ಇಳಿದು ಹೋದ.

ಒಂಬತ್ತು ದಿನಕ್ಕೆ ಊರು ಹೊರಟಿತು. ರಂಗಮಂದಿರ ಬಿಟ್ಟು ಬರುವುದಿಲ್ಲವೆಂದು ನಾನು ಕದ ಹಾಕಿಕೊಂಡೆ. ಮುಂದಿನ ಹುಣ್ಣಿಮೆಯ ಬೆಳಿಗ್ಗೆ ರಂಗ ಗುಡಿಸಿ, ಮುಖಕ್ಕೆ ಬಣ್ಣ ಹಚ್ಚಿ, ಅಭ್ಯಾಸಬಲದಿಂದ ಮೆಟ್ಟಿಲ ಕಡೆ ತಿರುಗಿ ಕುಳಿತೆ. ಬಿಸಿಲು ಏರಿತು. ರೆಕ್ಕೆಗಳಿಲ್ಲದ ಗುಡ್ಡ ಎಷ್ಟು ಮೌನವಾಗಿತ್ತೆಂದರೆ ನನ್ನ ಬಳೆಯ ಸದ್ದಿಗೇ ಬೆಚ್ಚಿದೆ. ಯಾರೂ ಬರಲಿಲ್ಲ. ಎದ್ದು ಗುರಿಗೋಡೆಗೆ ಹೋದೆ. ನನ್ನ ಹಲಗೆ ಅಂದವಾಗಿ ಕೆತ್ತಿಸಿಕೊಂಡು ತೂಗುತ್ತಿತ್ತು. ಹೊರಡುವ ಮುನ್ನ ಅಂದಾನಪ್ಪ ಸಾಕ್ಷಿ ನುಡಿದು ಕೆತ್ತಿಸಿದ್ದ. ಪಕ್ಕದಲ್ಲಿ ಅವನ ಹಲಗೆ. ಖಾಲಿ. ಮೂಲೆಯಲ್ಲಿ ಅಳಿಸಿದ ದಿನವನ್ನು ಗೀರಲಾಗಿತ್ತು: ಹನ್ನೆರಡು ವರ್ಷಗಳ ಹಿಂದಿನದು, ನಾನು ಕೇಳದೆ ಬಿಟ್ಟ ಹನ್ನೆರಡನೆಯ ಹುಣ್ಣಿಮೆ. ಹನ್ನೆರಡು ವರ್ಷದಿಂದ ಅವನಿಗೆ ಗುರಿಯೇ ಇರಲಿಲ್ಲ, ಆದರೂ ನನ್ನದನ್ನು ವಿಚಾರಿಸಲು ತಪ್ಪದೆ ಬರುತ್ತಿದ್ದ.

ಅಲ್ಲಿ, ಆ ಗೋಡೆಯ ಮುಂದೆ, ನನ್ನ ಕಿವಿಗೆ ಆ ಬೆಳಗಿನ ದನಿ ಮರಳಿ ಬಂತು. ಮೆಟ್ಟಿಲ ಕೆಳಗಿನಿಂದಲ್ಲ, ರಂಗದ ಮೇಲಿನಿಂದ. ಎಲ್ಲಿತನಕ ಬಂತು, ಫಕೀರವ್ವ. ಒಂದು ಅಕ್ಷರವೂ ತಡೆದಿರಲಿಲ್ಲ. ನಲವತ್ತೆರಡು ವರ್ಷ ಅವನು ಪಳಗಿಸಿದ ಮಾತು ಅದು. ಅದಕ್ಕೆ ಇದ್ದದ್ದು ಒಬ್ಬಳೇ ಸಾಕ್ಷಿ, ಆಕೆ ಮೀಸೆ ಕೀಳುತ್ತಿದ್ದಳು.

ಆದ್ದರಿಂದ ಕೇಳಿರಿ! ನಾಳೆ ಬೆಳಿಗ್ಗೆ ನಾನು ಪಡುವಣಕ್ಕೆ ಹೊರಡುತ್ತೇನೆ. ಬೆನ್ನಿಗೆ ಅವನ ಖಾಲಿ ಹಲಗೆ, ಸೊಂಟಕ್ಕೆ ಉಳಿ, ಗಂಟಿನಲ್ಲಿ ಹದಿನೈದು ಖಡಕ್ ರೊಟ್ಟಿ. ಹೊಸ ಹಲಗೆಯೊಂದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಏನು: ಅಂದಾನಪ್ಪನನ್ನು ಹುಡುಕಿ, ನಿನ್ನ ಮಾತು ತಡೆಯದೆ ಬಂತು, ನಾನು ಕೇಳಿದ್ದೇನೆ ಎಂದು ಹೇಳಿ, ಅವನ ಕಣ್ಣೆದುರು ಅವನ ಹಲಗೆ ಕೆತ್ತುವುದು. ಎಷ್ಟು: ಒಂದು ಸಲ. ಯಾವಾಗಿನೊಳಗೆ: ಬರುವ ಹನ್ನೆರಡು ಹುಣ್ಣಿಮೆಯೊಳಗೆ. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು. ಸಾಕ್ಷಿಯಿಲ್ಲದ ಗುರಿ ನಮ್ಮಲ್ಲಿ ಗುರಿಯಲ್ಲ, ಈ ಗುಡ್ಡದ ಮೇಲೆ ನಾನಲ್ಲದೆ ನರಪಿಳ್ಳೆಯಿಲ್ಲ. ಆ ಸಾಲಿನಲ್ಲಿ, ಓದುತ್ತಿರುವ ನಿಮ್ಮನ್ನು ಬರೆದಿದ್ದೇನೆ. ಹೆಸರು ಗೊತ್ತಿಲ್ಲದ್ದರಿಂದ ‘ಓದಿದವರು’ ಎಂದಷ್ಟೇ ಇದೆ, ಮನ್ನಿಸಿ.

ಹೆಚ್ಚಿನದೇನೂ ಬೇಡ. ಹುಣ್ಣಿಮೆಯ ಬೆಳಿಗ್ಗೆ, ನಿಮ್ಮ ಅಂಗಳದಲ್ಲೋ ಅಟ್ಟದ ಮೇಲೋ ನಿಂತು, ಗಟ್ಟಿಯಾಗಿ ಒಮ್ಮೆ ವಿಚಾರಿಸಿ. ಅದು ನನಗೆ ಕೇಳಿಸುವುದಿಲ್ಲ. ಆದರೂ ಆ ಹೊತ್ತಿಗೆ ನಾನು ಯಾವ ಬಯಲಲ್ಲಿದ್ದರೂ ಗಂಟು ಇಳಿಸಿ, ಹಿಂದಕ್ಕೆ ತಿರುಗಿ ನಿಂತು, ವರದಿ ಒಪ್ಪಿಸುತ್ತೇನೆ. ನನ್ನ ಕಂಠ ನಿಮಗೆ ಗೊತ್ತೇ ಇದೆಯಲ್ಲ. ಆಮೇಲೆ ಕಾಲು ಗಂಟೆ ಸುಮ್ಮನೆ ಕುಳಿತಿರುತ್ತೇನೆ. ಅದು ನಿಮ್ಮ ಸರದಿ. ನಿಮ್ಮ ಗುರಿ ಎಲ್ಲಿತನಕ ಬಂತೆಂದು ನೀವು ಹೇಳಿ. ಈ ಸಲ ನಾನು ಅವಸರ ಮಾಡುವುದಿಲ್ಲ.