ಖಾನಾಪುರದ ರೈಲಿನಲ್ಲಿ ಹೆಸರುಗಳು

ಗಂಗಕ್ಕಾ,

ನಿಮ್ಮೆಲ್ಲರೊಂದಿಗೆ ವರ್ಷವಿಡೀ ಓಡಾಡಿ ನಾನು ಬರೆದ ಪುಸ್ತಕವನ್ನು ಇಂದು ಖಾನಾಪುರದ ಬೆಳಗಿನ ರೈಲಿನಲ್ಲೇ ಗಟ್ಟಿಯಾಗಿ ಓದಿ ಹೇಳಿದೆ. ಬೆಳಗಾವಿಯ ಮನೆಗಳಿಗೆ ಪಾತ್ರೆ ತೊಳೆಯಲು ಹೊರಟ ನಿನ್ನ ಗೆಳತಿಯರೆಲ್ಲ ಸುತ್ತ ಕುಳಿತಿದ್ದರು. ಎರಡು ಪುಟ ಮುಗಿಯುವುದರೊಳಗೆ ರತ್ನಮಾಲಾ ಸಿಡಿದಳು.

"ಯಾರ್ರೀ ಈ ಸುನಂದಾ? ಮಾಲಕಿಣಿಗೆ ಎದುರು ಮಾತಾಡಿದಾಕಿ ನಾನು! ನನ್ನ ಹೆಸರ ಎಲ್ಲೈತಿ?"

"ಕೆಲಸಾ ಕಳಕೊಂಡೀರಿ ಅಂತ ಎಲ್ಲಾರ ಹೆಸರೂ ಬದಲಿ ಮಾಡೇನ್ರಿ" ಎಂದೆ.

ರೈಲಿನ ಡಬ್ಬಿಗೆ ಡಬ್ಬಿಯೇ ನಕ್ಕಿತು. ನನ್ನ ಪೆನ್ನು ಕಸಿದುಕೊಂಡು, ದೇಸೂರ ಸ್ಟೇಷನ್ ದಾಟುವಷ್ಟರಲ್ಲಿ ಎಲ್ಲರೂ ಜಗಳವಾಡುತ್ತ ಪುಸ್ತಕದಲ್ಲಿ ತಂತಮ್ಮ ನಿಜವಾದ ಹೆಸರು ಬರೆದುಬಿಟ್ಟರು.

ನಿನ್ನ ಪುಟವನ್ನು ಮಾತ್ರ ನಾನು ಅಂಗೈಯಿಂದ ಮುಚ್ಚಿಕೊಂಡಿದ್ದೆ. "ನನ್ನ ಹೆಸರ ಹಾಕಬ್ಯಾಡವಾ, ಪಾತ್ರೆ ತೊಳಿಯಾಕಿ ಅಂತ ಬೀಗರಿಗೆ ಗೊತ್ತಾದ್ರ ಮಗನ ಲಗ್ನ ಮುರೀತದ" ಎಂದು ನೀನು ಆಗ ಹೇಳಿದ್ದೆಯಲ್ಲ.

ಲಗ್ನ ಚೆನ್ನಾಗಿ ಆಯಿತು ಅಕ್ಕಾ. ಅದನ್ನು ನೋಡಲು ನೀನೇ ಬದುಕಿರಲಿಲ್ಲ. ನಿನ್ನ ಕಿಟಕಿಯ ಸೀಟಿನಲ್ಲಿ ಈಗ ನಿನ್ನ ಸೊಸೆ ದಾನೇಶ್ವರಿ ಕೂರುತ್ತಾಳೆ. ನೀನು ಪಾತ್ರೆ ತೊಳೆದ ಮನೆಗೇ ಹೋಗುತ್ತಾಳೆ.

"ಕೈ ತಗೀರಿ, ಅಕ್ಕಾರ" ಎಂದು ಅವಳೇ ನನಗೆ ಹೇಳಿದಳು. ಸುಳ್ಳು ಹೆಸರನ್ನು ಹೊಡೆದುಹಾಕಿ, ದುಂಡಗೆ ಬರೆದಳು: ಗಂಗಾದೇವಿ, ನಮ್ಮ ಅತ್ತಿ.

ಆಮೇಲೆ ಪುಸ್ತಕವನ್ನು ಇಡೀ ಡಬ್ಬಿಗೆ ಕಾಣುವಂತೆ ಎತ್ತಿ ಹಿಡಿದಳು.