ಇಪ್ಪತ್ಮೂರನೇ ಸಾಲು

ಸೋಮವಾರ, ಮೇ 6, 1963. ಅಹಮದಾಬಾದ್

ಮತ್ತೆ ನಾಲ್ಕನೇ ಹವಾಮಾನ ಸ್ಟೇಷನ್. ಬೆಳಗಿನಿಂದ ಕ್ಯಾಲ್ಕುಲೇಟರ್ ಹಿಡಿ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಗಿದೆ. ಹೊರಗೆ ವರಾಂಡದ ಥರ್ಮಾಮೀಟರು ನಲವತ್ಮೂರು ಡಿಗ್ರಿ. ಒಳಗೆ ಕೂತು ನಾನು ಕೆನಡಾದ ಯಾವುದೋ ನದಿಯೂರಿನ ಜನವರಿ ಸರಾಸರಿ ತೆಗೆಯುತ್ತಿದ್ದೇನೆ. ಬೆವರು ಹಾಳೆಯ ಮೇಲೆ ಬಿದ್ದು ಫೆಬ್ರವರಿ ಅಳಿಸಿತು. ತಲೆಕೆಟ್ಟ ಕೆಲಸ... ಆದರೂ ಇಷ್ಟ.

ಉತ್ತರದ ಐದು ಊರು, ಅರವತ್ತು ವರ್ಷ. ಯಾವ ವರ್ಷ ಎಲ್ಲ ಕಡೆಯೂ ಒಟ್ಟಿಗೆ ವಿಚಿತ್ರವಾಗಿತ್ತು ಅಂತ ಹುಡುಕುವುದು ಡಾಕ್ಟರ್ ಲಕ್ಷ್ಮೀನಾರಾಯಣರ ಹನ್ನೊಂದು ವರ್ಷದ ಹುಚ್ಚು. ಸಿಕ್ಕಿದೆ ಕೂಡ. ಲೆಜ್ಜರಿನ ಇಪ್ಪತ್ಮೂರನೇ ಸಾಲಿನ ವರ್ಷ. ನಾಲ್ಕು ಊರಲ್ಲಿ ಅರವತ್ತು ವರ್ಷದಲ್ಲೇ ಕಂಡರಿಯದ ಚಳಿ. ಐದರಲ್ಲಿ ನಾಲ್ಕು. ಈ ನಾಲ್ಕನೇ ಸ್ಟೇಷನ್ ಮಾತ್ರ, ಆ ವರ್ಷ ಏನೂ ಆಗಲೇ ಇಲ್ಲ ಅನ್ನುತ್ತದೆ.

ಗುರುವಾರ, ಮೇ 9

ಡಾಕ್ಟರ್ ಇವತ್ತು ಟೇಬಲ್ಲಿನ ಮೇಲೆ ಪೆನ್ಸಿಲ್ ಕುಟ್ಟಿದರು. "ನೋಡಮ್ಮಾ ಇಂದುಮತಿ, ಜೂನ್ ಹದಿನೈದಕ್ಕೆ ಈ ವರದಿ ಬರೋಡಾದ ಪ್ರೆಸ್ಸಲ್ಲಿ ಅಚ್ಚಾಗಬೇಕು. ಮೂವತ್ತಕ್ಕೆ ನಾನು ರಿಟೈರು. ಊರು ಸುಳ್ಳು ಹೇಳ್ತಿದೆಯೋ, ನಾವು ಹೇಳ್ತಿದ್ದೀವೋ, ಅಷ್ಟು ಗೊತ್ತಾಗಬೇಕು ನನಗೆ."

ಮೂರು ಸಲ ಲೆಕ್ಕ ಮಾಡಿದೆ. ಲೆಕ್ಕ ತಪ್ಪಿಲ್ಲ. ನನ್ನ ಲೆಕ್ಕ ತಪ್ಪುವುದಿಲ್ಲ. ಟೆಂಪರರಿ ಅಂತ ಎರಡು ವರ್ಷದಿಂದ ಕೂರಿಸಿಟ್ಟಿದ್ದಾರೆ, ಇಡೀ ಆಫೀಸಿನಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ. ಇಲ್ಲಿ ಯಾರು ಓದುತ್ತಾರೆ, ಬರೆದುಕೊಳ್ಳಬಹುದು.

ಮಂಗಳವಾರ, ಮೇ 14

ಒಂದು ವಿಷಯ ಗಮನಿಸಿದೆ. ಪಾಂಡುರಂಗರಾಯರು ಚಹಾದ ಕಪ್ಪನ್ನು ಕಣ್ಣಿಂದ ಹುಡುಕುವುದಿಲ್ಲ. ಕೈಯಿಂದ ಸವರಿ ಹುಡುಕುತ್ತಾರೆ.

ಎದುರಿನ ಮೇಜು ಅವರದು, ನನ್ನನ್ನು ಬಾಯಾರ ಅಂತ ಕರೆಯುತ್ತಾರೆ. ಮೂವತ್ತು ವರ್ಷದ ಸರ್ವಿಸ್, ವಿಜಾಪುರದ ಕಡೆಯವರು. ಕರೀ ಕೋಟು, ಎರಡು ಮಸಿ ದೌತಿ, ಅದ್ದಿ ಬರೆಯುವ ಎರಡು ಟಾಕು — ಫೌಂಟನ್ ಪೆನ್ ಮುಟ್ಟುವುದಿಲ್ಲ. ಪೆನ್ಷನ್ನಿಗೆ ಎರಡು ವರ್ಷ ಇದೆ. ಹೆಂಡತಿ ಇಲ್ಲ. ಮಗಳು ವಿಮಲಾ ಸೂರತ್‌ನಲ್ಲಿ. ಕಣ್ಣು ಹೋಗುತ್ತಿದೆ ಅಂತ ಗೊತ್ತಾದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ರಾಯರು ಯಾರಿಗೂ ಹೇಳಿಲ್ಲ.

ನಾಲ್ಕನೇ ಸ್ಟೇಷನ್ನಿನ ಲೆಜ್ಜರನ್ನು ಅಚ್ಚಾದ ಪುಸ್ತಕದಿಂದ ಕೈಯಲ್ಲಿ ಬರೆದಿಳಿಸಿದ್ದು ಅವರೇ. ಐದು ವರ್ಷದ ಹಿಂದೆ. ಆಗಲೂ ಕಣ್ಣು ಹೀಗೇ ಇತ್ತೋ ಏನೋ...

ಮುಂಬಯಿಯ ಲೈಬ್ರರಿಗೆ ಕಾಗದ ಹಾಕಿದೆ. ಆ ವರ್ಷದ ಅಚ್ಚಾದ ಪುಸ್ತಕ ಅಲ್ಲಿದೆ. ಹನ್ನೆರಡು ತಿಂಗಳ ಅಂಕಿ ಕಳಿಸಿ ಅಂದಿದ್ದೇನೆ. ಡಾಕ್ಟರಿಗೆ ಹೇಳಿಲ್ಲ.

ಬುಧವಾರ, ಮೇ 22. ಮಧ್ಯಾಹ್ನ 3

ಬಂತು. ಮುಂಬಯಿಯ ಉತ್ತರ.

ಜನವರಿ, ಫೆಬ್ರವರಿ, ಡಿಸೆಂಬರ್ — ಪುಸ್ತಕದಲ್ಲಿ ಮೈನಸ್ 4, ಮೈನಸ್ 6, ಮೈನಸ್ 3 ಫ್ಯಾರನ್‌ಹೀಟ್. ರಾಯರ ಲೆಜ್ಜರಿನಲ್ಲಿ 4, 6, 3. ಮೈನಸ್ ಇಲ್ಲ. ಸೊನ್ನೆಯ ಕೆಳಗಿದ್ದದ್ದನ್ನು ಮೇಲೆ ಹತ್ತಿಸಿಬಿಟ್ಟಿದ್ದಾರೆ. ಆ ಊರಿನ ಅರವತ್ತು ವರ್ಷದಲ್ಲಿ ಸರಾಸರಿ ಸೊನ್ನೆಗಿಂತ ಕೆಳಗಿಳಿದದ್ದು ಈ ಮೂರೇ ತಿಂಗಳು. ಆ ಮೂರೇ ತಪ್ಪಿವೆ. ಸರಿ ಮಾಡಿದರೆ ಐದಕ್ಕೆ ಐದೂ ಒಂದೇ ಮಾತಾಡುತ್ತವೆ.

ನನ್ನ ಹತ್ತಿರ ಇರುವುದು ಫೋಟೋಸ್ಟ್ಯಾಟ್. ಮೂಲ ಲೆಜ್ಜರು ಗ್ರಾಫಿನ ಅಚ್ಚಿನ ಬ್ಲಾಕ್ ಮಾಡಲು ಮಾರ್ಚಿನಲ್ಲೇ ಬರೋಡಾಕ್ಕೆ ಹೋಗಿದೆ. ಆದರೇನು, ಅಕ್ಷರ ಅವರದೇ. ಸ್ಪಷ್ಟವಾಗಿದೆ.

ಕಂಡುಹಿಡಿದವಳು ನಾನು. ಬಹಳ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಗುರುವಾರ, ಮೇ 23

ಮೊದಲು ರಾಯರಿಗೆ ತೋರಿಸಿದೆ. ಅದು ನ್ಯಾಯ ಅನ್ನಿಸಿತು. ಹಾಳೆಯನ್ನು ಮೂಗಿನವರೆಗೆ ತಂದುಕೊಂಡರು. 

"ಅಕ್ಷರ ನಂದs ಏನ್ರೀ ಬಾಯಾರ?"

ನಿಮ್ಮದೇ ಅಂದೆ.

"ಹಂಗಿದ್ರ ದೌತಿ ಬದ್ಲಿಸೂದು ಮರತಿರಬೇಕು." ಆಮೇಲೆ ತಗ್ಗಿದ ದನಿಯಲ್ಲಿ, "ಇತ್ತಿತ್ಲಾಗ ಏನೇನು ಮರೀತೀನೋ ನನಗs ಗೊತ್ತಾಗೂದಿಲ್ಲ. ಡಾಕ್ಟರ್‌ಗೆ ಹೇಳ್ರಿ. ಹೇಳಬೇಕs."

ದೌತಿಗೂ ಇದಕ್ಕೂ ಏನು ಸಂಬಂಧವೋ. ವಯಸ್ಸಾದವರು ಏನೋ ಒಂದು ಅನ್ನುತ್ತಾರೆ. ಒಂದು ಮಾತೂ ಎದುರಾಡಲಿಲ್ಲ. ಜಗಳ ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಶುಕ್ರವಾರ, ಮೇ 24

ಡಾಕ್ಟರಿಗೆ ಹೇಳಿದೆ. ಮೊದಲು ಐದೂ ಗ್ರಾಫು ಒಂದರ ಮೇಲೊಂದು ಇಟ್ಟು ನೋಡಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಕೇಳಿದರು, "ಪಾಂಡುರಂಗ ಇಂಥಾ ತಪ್ಪು ಮಾಡೋನಲ್ಲ. ಹೇಗಾಯ್ತಿದು?"

ಸುಮ್ಮನಿರಬಹುದಿತ್ತು. ಕಣ್ಣಿನ ವಿಷಯವನ್ನೂ ಹೇಳಿಬಿಟ್ಟೆ.

ಸೋಮವಾರ, ಜೂನ್ 3

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇತ್ತು. ಬರೆಯಲಿಲ್ಲ.

ರಾಯರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಎರಡೂ ಕಣ್ಣಿಗೆ ಪೊರೆ, ಒಂದು ಪೂರ್ತಿ ಬಲಿತಿದೆ. ಆಪರೇಷನ್ ಆದರೆ ಕಾಣಬಹುದಂತೆ. ಆದರೆ ಮೇಲಿನವರು ಕೇಳಿದ್ದು ಬೇರೆ: ಐದು ವರ್ಷದಿಂದ ತಪ್ಪು ಅಂಕಿ ಬರೆಯುತ್ತಿರುವವನು ಇನ್ನೆಷ್ಟು ತಪ್ಪು ಬರೆದಿದ್ದಾನೆ? ರಾಯರು ರಜೆ ಹಾಕಿ ಸೂರತ್‌ಗೆ ಮಗಳ ಮನೆಗೆ ಹೋದರು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು ಕೈ ಮುಗಿದರು. ನಾನಿದ್ದದ್ದು ಕಿಟಕಿಯ ಹತ್ತಿರ. ಖಾಲಿ ಕುರ್ಚಿಗೆ ಮುಗಿದರು.

ನನ್ನನ್ನು ಪರ್ಮನೆಂಟ್ ಮಾಡಲು ಡಾಕ್ಟರ್ ಬರೆದಿದ್ದಾರೆ. ರಾಯರ ಜಾಗಕ್ಕೆ. ಊಟ ಸೇರುತ್ತಿಲ್ಲ. ಬಾಡಿಗೆ ಮನೆಯ ಒಡತಿ, ಎಲ್ಲರೂ 'ಬಾ' ಅನ್ನುವ ಗುಜರಾತಿ ಅಜ್ಜಿ, ದಿನಾ ಒಂದು ಲೋಟ ಛಾಸ್ — ಮಜ್ಜಿಗೆ — ತಂದು ಎದುರಿಗೇ ಕೂರುತ್ತಾಳೆ, ಕುಡಿಯುವ ತನಕ ಏಳುವುದಿಲ್ಲ.

ಸೋಮವಾರ, ಜೂನ್ 10. ಬರೋಡಾ, ಬೆಳಿಗ್ಗೆ 11

ಪ್ರೂಫ್ ನೋಡಲು ಬಂದೆ. ಪ್ರೆಸ್ಸಿನ ಹಿಂದಿನ ಕೋಣೆ. ಮೂಲ ಲೆಜ್ಜರು ಮೇಜಿನ ಮೇಲಿತ್ತು. ಸುಮ್ಮನೆ ತೆಗೆದೆ.

ಇಪ್ಪತ್ಮೂರನೇ ಸಾಲು. 4, 6, 3.

ಕೆಂಪು ಮಸಿ.

ಇಡೀ ಪುಟ ಕಪ್ಪು. ಆ ಮೂರು ಅಂಕಿ ಕೆಂಪು. ಫೋಟೋಸ್ಟ್ಯಾಟಿನಲ್ಲಿ ಎಲ್ಲ ಒಂದೇ ಕಪ್ಪು. ನಾನು ಕೆಲಸಕ್ಕೆ ಸೇರಿದ ದಿನ ರಾಯರು ಹೇಳಿದ್ದರು. ಈಗ ಒಂದೊಂದು ಮಾತೂ ಕೇಳಿಸುತ್ತಿದೆ: "ಬಾಯಾರ, ನಂದು ಹಳೇ ಪದ್ಧತಿ. ಕೆಂಪು ಅಂದ್ರ ಸೊನ್ನಿ ಕೆಳಗ. ಮೈನಸ್ ಗೆರಿ ಹಾಕಿದ್ರ ಹಾಳಿ ರೂಲಿನಾಗ ಕೂಡಿ ಕಾಣೂದಿಲ್ಲ. ನೆನಪಿಟ್ಟಗೋರಿ." ಹೂಂ ಅಂದಿದ್ದೆ. ಗಡಿಯಾರ ನೋಡುತ್ತಿದ್ದೆ.

ದೌತಿ. ಅದಕ್ಕೇ ದೌತಿ ಅಂದರು. ಕೆಂಪಿಗೆ ಬದಲಿಸಲು ಮರೆತೆ ಅಂದುಕೊಂಡರು. ಮರೆತಿರಲಿಲ್ಲ. ಮರೆತವಳು ನಾನು.

ಅದೇ ದಿನ, 4 ಗಂಟೆ. ಬರೋಡಾ ಸ್ಟೇಷನ್

ಅಹಮದಾಬಾದಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕಾದೆ. ಲೈನ್ ಸಿಗಲಿಲ್ಲ. ಅದರ ಬದಲು ಪ್ರೆಸ್ಸಿಗೆ ಡಾಕ್ಟರ ಟೆಲಿಗ್ರಾಂ ಬಂತು, ನನ್ನ ಹೆಸರಿಗೆ. ಪಾಂಡುರಂಗ ಇಂದಿನಿಂದ ಕೆಲಸದಿಂದ ರಿಲೀವ್ಡ್. ನಿಮ್ಮ ಕನ್ಫರ್ಮೇಷನ್ ಆರ್ಡರ್ ಬಂದಿದೆ. ಪ್ರೂಫ್ ಬೇಗ ಕಳಿಸಿ.

ಒಂದು ಕ್ಷಣ, ಒಂದೇ ಕ್ಷಣ, ಲೆಜ್ಜರನ್ನು ಮುಚ್ಚಿಟ್ಟುಬಿಡೋಣ ಅನ್ನಿಸಿತು. ಅಂಕಿಗಳ ಟೇಬಲ್ಲು ಹೇಗೂ ಸರಿಯಾಗಿದೆ. ಬಣ್ಣ ಯಾರು ನೋಡುತ್ತಾರೆ. ಡಾಕ್ಟರೂ ಮೂವತ್ತಕ್ಕೆ ಹೋಗುತ್ತಾರೆ. ಹಾಗೆ ಅನ್ನಿಸಿದ್ದು ನನಗೇ. ಇದನ್ನೂ ಬರೆದಿಡಬೇಕು.

ಡಾಕ್ಟರಿಗೆ ಕಾಗದ ಬರೆದೆ. ತಪ್ಪು ರಾಯರದಲ್ಲ, ಫೋಟೋಸ್ಟ್ಯಾಟಿನದೂ ಅಲ್ಲ, ನನ್ನದು. ಅವರನ್ನು ವಾಪಸ್ ಕರೆಸಿ, ನನ್ನ ಆರ್ಡರ್ ರದ್ದು ಮಾಡಿ. ಪ್ರೂಫಿನ ಜೊತೆಗೆ ರಿಜಿಸ್ಟರ್ ಮಾಡಿದೆ. ರಸೀತಿ ಇದೇ ಪುಟದಲ್ಲಿ ಅಂಟಿಸಿದ್ದೇನೆ. ಲೆಜ್ಜರು ನನ್ನ ಚೀಲದಲ್ಲಿದೆ. ಅಹಮದಾಬಾದಿನ ಗಾಡಿ ಎದುರಿಗೇ ಹೋಯಿತು. ನಾನು ಕಾಯುತ್ತಿರುವುದು ಸೂರತ್ ಗಾಡಿ.

ಮಂಗಳವಾರ, ಜೂನ್ 11. ಸೂರತ್, ಬೆಳಿಗ್ಗೆ 10

ರಾತ್ರಿ ವೇಟಿಂಗ್ ರೂಮಿನಲ್ಲಿ ಕಳೆದೆ. ಬೆಳಿಗ್ಗೆ ಕೇಳಿ ಕೇಳಿ ಮನೆ ಹುಡುಕಿದೆ. ವಿಮಲಾ ಬಾಗಿಲು ತೆಗೆದಳು. ಹೆಸರು ಹೇಳಿದೊಡನೆ ಮುಖ ಗಂಟಿಕ್ಕಿತು. ಆದರೂ ನೀರು ಕೊಟ್ಟಳು.

ರಾಯರು ಜಗಲಿಯಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಒಂದೂ ಬಿಡದೆ. ಲೆಜ್ಜರು ತೆಗೆದು ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ.

"ಕೆಂಪs ಐತೇನ್ರಿ?"

ಕೆಂಪೇ ಅಂದೆ.

"ಮೂರೂ?"

ಮೂರೂ.

ಮೂರೂ ಅಂಕಿಯನ್ನು ಬೆರಳಿಂದ ಸವರಿದರು. ಬೈಯಲಿ ಅಂತ ಕಾದೆ. ಬೈಯಲಿಲ್ಲ. "ಹಂಗಾರ ನಾ ಮರತಿಲ್ಲ" ಅಂದರು. ಮಗಳನ್ನು ಕರೆದು ಅವಳಿಗೂ ಹೇಳಿದರು, ನಾ ಮರತಿಲ್ಲ ನೋಡು ಅಂತ. ಮುಖ ಹಿಗ್ಗಿತು. ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈಗ ಒಳಗೆ ಹೋಗಿದ್ದಾರೆ. ಕರೀ ಕೋಟಿನ ಗುಂಡಿ ವಿಮಲಾ ಹಾಕುತ್ತಿದ್ದಾಳೆ. ರಜಾ ಮುಗಿಯಲು ಇನ್ನೂ ನಾಲ್ಕು ದಿನ ಐತಿ, ಇವತ್ತs ಹೋಗಿ ಡ್ಯೂಟಿ ಮ್ಯಾಲೆ ಹಾಜರಾಗ್ತೀನಿ ಅನ್ನುತ್ತಿದ್ದಾರೆ. ದೌತಿ ಎರಡೂ ಚೀಲಕ್ಕೆ ಹಾಕು ಅನ್ನುತ್ತಿದ್ದಾರೆ. ಎಲ್ಲ ಹೇಳಿದೆ ಅಂತ ಮೇಲೆ ಬರೆದೆ. ಸುಳ್ಳು. ಅವರನ್ನು ಕೆಲಸದಿಂದ ತೆಗೆದ ಆರ್ಡರು ಇಲ್ಲಿಗಿನ್ನೂ ಬಂದಿಲ್ಲ. ಟೆಲಿಗ್ರಾಂ ನನ್ನ ಚೀಲದಲ್ಲೇ ಇದೆ.

"ಬಾಯಾರ, ಗಾಡಿ ಎಷ್ಟಕ್ಕೈತ್ರಿ?"

ಹೊರಗೆ ಬರುತ್ತಿದ್ದಾರೆ. ಈಗ ಹೇಳ—