ಚೌಕದೊಳಗಿನ ಎರಡು ಸಾಲು

ಮಧುಗಿರಿ
13 ಜುಲೈ 2025, ಭಾನುವಾರ

ಚನ್ನರಾಯನದುರ್ಗದ ನನ್ನ ದೊಡ್ಡಮ್ಮನಿಗೆ, ನಿನ್ನ ಲೋಹಿತಾ ಮಾಡುವ ನಮಸ್ಕಾರ.

ಇವತ್ತು ಬೆಳಿಗ್ಗೆ ಸೊಪ್ಪು ಮಾರುವ ಬಸವಮ್ಮ ಕನ್ನಡಕವನ್ನು ಹಣೆಗೇರಿಸಿ, ಹೊನಗೊನೆ ಕಟ್ಟನ್ನು ಮೂಗಿನ ಹತ್ತಿರ ಹಿಡಿದು ಅದರ ಗಂಟು ಹುಡುಕುತ್ತಿದ್ದಳು. ಕನ್ನಡಕದ ಒಂದು ಕಡ್ಡಿ ಮುರಿದು, ಆ ಜಾಗದಲ್ಲಿ ಕೆಂಪು ದಾರ ಕಟ್ಟಿಕೊಂಡಿದ್ದಾಳೆ. ಬಾಯಿ ಮಾತ್ರ ನಿಂತಿರಲಿಲ್ಲ. "ಹೊನಗೊನೆ ಬಂದೈತೆ, ಕಣ್ಣಿಗೆ ಒಳ್ಳೇದು, ತಿಂದ್ರೆ ಕನ್ನಡಕಾನೇ ಬ್ಯಾಡ." ಪಕ್ಕದಲ್ಲಿ ಟೊಮೊಟೊ ಮಾರುವವನು, "ಮತ್ತೆ ನಿಂದ್ಯಾಕ್ ಇನ್ನೂ ಹಣೆ ಮ್ಯಾಲೈತೆ?" ಅಂದ. "ನಾನು ಮಾರೋಳು ಕಣ್ಲಾ, ತಿನ್ನೋಳಲ್ಲ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ಕಟ್ಟು ಕೊಂಡು ಮನೆಗೆ ಬಂದೆ, ಬಿಡಿಸಲು ಕೂತವಳು ಎದ್ದುಬಿಟ್ಟೆ. ಕಟ್ಟು ಹಾಗೇ ಕಿಟಕಿಯಲ್ಲಿದೆ.

ಬರೆಯಲು ಎರಡು ತಿಂಗಳು ತಡವಾಯಿತು, ಕ್ಷಮಿಸು. ಅಶ್ವಿನಿ ಅತ್ತಿಗೆ ಫೋನ್ ಮಾಡಿ ನಿನ್ನ ಕಿವಿಗೆ ಹಿಡಿದಾಗಲೆಲ್ಲ ನಾನು "ಚೆನ್ನಾಗಿದ್ದೀನಿ, ಊಟ ಆಯ್ತು" ಎಂಬ ಎರಡೇ ಮಾತಿಗೆ ನಿಂತುಬಿಡುತ್ತೇನೆ. ನಿನಗೆ ಗೊತ್ತಲ್ಲ. ಬೇಸಿಗೆ ರಜಕ್ಕೆ ಬಂದಾಗ ಏನಾದರೂ ತಪ್ಪು ಮಾಡಿ ಬಾಯಿ ಕಟ್ಟಿ ನಿಂತರೆ ನೀನು ಸ್ಲೇಟು ಕೊಟ್ಟು, "ಬಾಯಲ್ಲಿ ಬರ್ಲಿಲ್ಲ ಅಂದ್ರೆ ಬರ್ದು ತೋರ್ಸು ಮಗ" ಅನ್ನುತ್ತಿದ್ದೆ. ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಸ್ಲೇಟನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ನೋಡಿ, "ಆಯ್ತು ಬುಡು, ಗೊತ್ತಾಯ್ತು" ಅನ್ನುತ್ತಿದ್ದೆ. ಹಾಗೇ ಅಂದುಕೊಂಡು ಬರೆಯುತ್ತಿದ್ದೇನೆ. ಅತ್ತಿಗೆ ಓದುತ್ತಾಳೆ, ನೀನು ಕೇಳು.

ಶಾಲೆ ಶುರುವಾಗಿ ಒಂದೂವರೆ ತಿಂಗಳಾಯಿತು. ಬಿಸಿಯೂಟ ಮಾಡಿ ಬಡಿಸಲು ನಿನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರಂತೆ. ಮಕ್ಕಳು ಮನೆ ಮುಂದೆ ಹೋಗುವಾಗ "ಅಜ್ಜೀ, ಇವತ್ತು ಸಾರು ನೀರು ನೀರು" ಎಂದು ನಿನಗೆ ದೂರು ಹೇಳಿ ಹೋಗುತ್ತಾರೆ ಅಂತ ಅತ್ತಿಗೆ ಹೇಳಿದಳು. ಮಾರ್ಚಿನಲ್ಲಿ ನೀನು ಬಡಿಸುವಾಗ ಸಾರು ತಟ್ಟೆಯ ಪಕ್ಕಕ್ಕೆ ಬಿದ್ದು, ಒಂದು ಮಗು "ಅಜ್ಜೀ, ತಟ್ಟೆ ಇಲ್ಲೈತೆ" ಅಂದಿತಂತೆ. ನಿನ್ನ ಕಣ್ಣು ಮಂದವಾದದ್ದನ್ನು ಮೊದಲು ಗಮನಿಸಿದ್ದು ಆ ಮಗು. ನಮ್ಮಲ್ಲಿ ಯಾರೂ ಅಲ್ಲ.

ನನ್ನ ಕೆಲಸದ ಬಗ್ಗೆ ನೀನು ಕೇಳುತ್ತಿರುತ್ತೀಯ. ಪತ್ರಿಕೆಗೆ ಆರೋಗ್ಯದ ಲೇಖನ ಬರೆಯುವುದು, ಅದರಲ್ಲೂ ಕಣ್ಣು ಮತ್ತು ಆಹಾರದ ವಿಷಯ. ಕನ್ನಡ ಎಂ.ಎ. ಓದಿದವಳಿಗೆ ಇದೇನು ಗೊತ್ತು ಅಂತ ನೀನೇ ಕೇಳಿದ್ದೆ. ಏನೂ ಗೊತ್ತಿರಲಿಲ್ಲ. ಸಂಪಾದಕ ಪ್ರಸನ್ನಕುಮಾರ್ ಸರ್ ಮೊದಲ ದಿನವೇ ಕಾಗದದ ನಡುವೆ ಗೆರೆ ಎಳೆಸಿದರು. ಎಡಗಡೆ ನಾನು ಬರೆದ ವಾಕ್ಯ, ಬಲಗಡೆ ಅದಕ್ಕೆ ಆಧಾರ. ಯಾವ ಅಧ್ಯಯನ, ಎಷ್ಟು ಜನರನ್ನು ನೋಡಿ ಹೇಳಿದ್ದು, ಯಾರು ಹೇಳಿದ್ದು. ಬಲಗಡೆ ಖಾಲಿ ಇದ್ದರೆ ಎಡಗಡೆಯದನ್ನು ಹೊಡೆದುಹಾಕಬೇಕು, ಎಷ್ಟೇ ಚೆಂದದ ವಾಕ್ಯವಾಗಿರಲಿ. "ಅವರಜ್ಜಿ ಹೇಳಿದ್ದು, ಇವರಜ್ಜಿ ಹೇಳಿದ್ದು ನನಗೆ ಬೇಡಮ್ಮ," ಅನ್ನುತ್ತಿದ್ದರು. ಆಗೆಲ್ಲ ನಿನ್ನ ನೆನಪಾಗಿ ಒಳಗೇ ನಗು ಬರುತ್ತಿತ್ತು.

ಎರಡು ವರ್ಷದ ಹಿಂದೆ ಅಚ್ಚಾದ ನನ್ನ ಮೊದಲ ಲೇಖನ ಸೊಪ್ಪಿನ ಮೇಲೆ. ಹೊನಗೊನೆ, ನುಗ್ಗೆಯಂಥ ಸೊಪ್ಪುಗಳಲ್ಲಿ ಎ ಜೀವಸತ್ವಕ್ಕೆ ಬೇಕಾದ ಅಂಶ ಇದೆ, ಅದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ, ಬೇಯಿಸಿ ಸ್ವಲ್ಪ ಎಣ್ಣೆ ಜೊತೆ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ, ಇಷ್ಟೇ. ಪ್ರತಿ ವಾಕ್ಯಕ್ಕೂ ಬಲಗಡೆ ಆಧಾರವಿತ್ತು. ಅದರ ಕೆಳಗೆ ಒಂದು ಸಣ್ಣ ಚೌಕದಲ್ಲಿ ಸರ್ ಎರಡು ಸಾಲು ಸೇರಿಸಿದ್ದರು. "ಸೊಪ್ಪು ಆಹಾರವೇ ಹೊರತು ಔಷಧಿಯಲ್ಲ. ಕಣ್ಣಿನ ಒತ್ತಡಕ್ಕೆ ವೈದ್ಯರು ಕೊಟ್ಟ ಹನಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ."

ಆ ಪತ್ರಿಕೆಯನ್ನು ನಾನು ಊರಿಗೆ ತಂದೆ. ಅದಕ್ಕೆ ಏಳು ತಿಂಗಳ ಹಿಂದೆ ಕೊರಟಗೆರೆಯ ಕಣ್ಣಿನ ಶಿಬಿರದಲ್ಲಿ ನಿನಗೆ ಗ್ಲಾಕೋಮ ಅಂತ ಹೇಳಿ, ದಿನಕ್ಕೆ ಎರಡು ಸಲ ಎರಡೂ ಕಣ್ಣಿಗೆ ಹನಿ ಹಾಕಿಕೊಳ್ಳಲು ಬರೆದುಕೊಟ್ಟಿದ್ದರು. "ಕಣ್ಣಿಗೂ ಬಿಪಿ ಬತ್ತದಂತೆ ಕಣಮ್ಮ," ಅಂತ ನೀನು ಎಲ್ಲರಿಗೂ ನಗುತ್ತಾ ಹೇಳಿದ್ದೆ. ಹನಿ ಹಾಕಿಕೊಂಡರೆ ಉರಿ, ಹಾಕಿಕೊಳ್ಳದಿದ್ದರೆ ಏನೂ ಇಲ್ಲ. ನೋವಿಲ್ಲ, ಕೆಂಪಿಲ್ಲ, ಎದುರಿಗಿರುವುದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಅಂಥ ಕಾಯಿಲೆಗೆ ಯಾರು ತಾನೇ ಹೆದರುತ್ತಾರೆ?

ನಾನು ಜಗಲಿಯ ಮೇಲೆ ಕೂತು ಲೇಖನ ಓದಿದೆ. ನಾನು ಓದಿದ್ದನ್ನೆಲ್ಲ ನೀನು ಕೇಳಿ, ಪತ್ರಿಕೆಯ ಹಾಳೆಯನ್ನು ಅನ್ನದ ಅಂಟು ಹಚ್ಚಿ ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಆ ವಾರವೇ ಹನಿ ಬಿಟ್ಟೆ. ಕದ್ದು ಬಿಡಲಿಲ್ಲ. ಎಲ್ಲರ ಮುಂದೆ ಹೇಳಿಯೇ ಬಿಟ್ಟೆ. "ಸೊಪ್ಪೇ ಸಾಕು, ಪೇಪರ್‌ನಾಗೇ ಬಂದೈತೆ," ಅಂದೆ. ನಿನ್ನ ಮಗ ರಂಗೇಶಣ್ಣನಿಗೂ ಅತ್ತಿಗೆಗೂ ಅದು ನಿಜವೇ ಅನ್ನಿಸಿತು. ಮಧುಗಿರಿಯಲ್ಲಿದ್ದ ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ. ಬಂದಾಗಲೆಲ್ಲ ಹೊನಗೊನೆ ಬಸ್ಸಾರು ಉಂಡು ಹೋದೆ.

ಬಾಗಿಲ ಚೌಕಟ್ಟು ತಾಗಿ ನಿನ್ನ ಹುಬ್ಬು ಒಡೆದ ಮೇಲೆ, ಮೇ ತಿಂಗಳಲ್ಲಿ, ತುಮಕೂರಿಗೆ ಕರೆದುಕೊಂಡು ಹೋದೆವಲ್ಲ, ಆ ದಿನ ಡಾಕ್ಟರ್ ನರಸಿಂಹರಾಜು "ಹೆಂಗೆ ಕಾಣುತ್ತಮ್ಮ?" ಎಂದು ಕೇಳಿದಾಗ ನೀನು, "ಎಡಗಣ್ಣಾಗೆ ಏನೂ ಇಲ್ಲ ಸಾಮಿ. ಬಲಗಣ್ಣಾಗೆ ಊದುಗೊಳವೆ ಒಳಗಿಂದ ನೋಡ್ದಂಗೆ," ಅಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಹೋದದ್ದು ಬರುವುದಿಲ್ಲ, ಉಳಿದಷ್ಟನ್ನು ಉಳಿಸಿಕೊಳ್ಳಲು ಹನಿಯೊಂದೇ ದಾರಿ ಅಂದರು. ಹನಿ ಯಾಕೆ ಬಿಟ್ಟೆ ಅಂತ ಕೇಳಿದಾಗ ನಿನ್ನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು. "ಪೇಪರ್‌ನಾಗೆ ಬರ್ದಿದ್ರು ಸಾಮಿ. ನಮ್ಮ ಮಗೀನೇ ಬರ್ದಿರೋದು. ಅವಳು ಸುಳ್ಳು ಬರೆಯಾಕಿಲ್ಲ."

ಮುಂದಿನ ವಾರ ಒಬ್ಬಳೇ ಹೋಗಿ ಡಾಕ್ಟರಿಗೆ ಆ ಲೇಖನ ತೋರಿಸಿದೆ. ಅವರು ಎರಡು ಸಲ ಓದಿದರು. "ಒಂದು ಸಾಲೂ ತಪ್ಪಿಲ್ಲವಲ್ಲಮ್ಮ. ಎಚ್ಚರಿಕೆನೂ ಇದೆ. ಆದರೆ ಜನ ಎಲ್ಲಿಗೆ ಓದು ನಿಲ್ಲಿಸ್ತಾರೆ ಅಂತ ನೋಡಿದ್ದೀರಾ?" ಅಂದರು. ಅಲ್ಲಿಂದ ಬಂದವಳೇ ಪ್ರಸನ್ನಕುಮಾರ್ ಸರ್‌ಗೆ ಹೇಳಿದೆ, ಇನ್ನು ಮೇಲೆ ಆ ಮಾತು ಚೌಕದಲ್ಲಿ ಬೇಡ, ಮೊದಲ ಪ್ಯಾರಾದಲ್ಲೇ ಇರಲಿ ಅಂತ. "ಮೊದಲೇ ಹೆದರಿಸಿದರೆ ಯಾರು ಓದ್ತಾರೆ?" ಎಂದು ಗೊಣಗಿದರು. ಕೊನೆಗೆ "ಆಯ್ತು, ಹಾಗೇ ಬರಿ," ಅಂದರು.

ನಿನ್ನನ್ನು ತುಮಕೂರಿನಿಂದ ಕರೆತಂದ ಸಂಜೆಯೇ ರಂಗೇಶಣ್ಣ ಗೋಡೆಯ ಮೇಲಿನ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದ. ಹೊಗೆಗೆ ಕಂದಾಗಿದ್ದರೂ ಚೌಕ ಕಾಣುತ್ತಿತ್ತು. "ಕೊನೇಲಿ ಬರ್ದವ್ಳಲ್ಲವ್ವಾ, ಹನಿ ನಿಲ್ಲಿಸ್‌ಬ್ಯಾಡ್ರಿ ಅಂತ. ಓದ್ದಾಗ ನಿಂಗೆ ಕೇಳುಸ್ಲಿಲ್ವಾ? ಬೇಕಾದ್ದು ಮಾತ್ರ ಕೇಳುಸ್ಕೊಂಡಾ?" ಎಂದು ಕೂಗಾಡಿದ. ನೀನು ಸೆರಗಿನ ತುದಿ ಹಿಂಡುತ್ತಾ, "ಕೇಳಿರ್ತೀನಿ ಕಣ್ಲಾ. ಮರ್ತಿದ್ದೀನಿ. ಓದು ಬರದೋಳ ತಲೆ," ಅಂದೆ. ಆಮೇಲೆ ನನ್ನ ಕಡೆ ಮುಖ ತಿರುಗಿಸಿದೆ. ನಾನು ನಿಂತಿದ್ದ ಜಾಗಕ್ಕಿಂತ ಒಂದು ಮೊಳ ಆಚೆ ನೋಡುತ್ತಾ, "ಅವಳ ತಪ್ಪೇನಿಲ್ಲ, ಅವಳಿಗೇನೂ ಅನ್‌ಬ್ಯಾಡ," ಅಂದೆ.

ಬಲಗಣ್ಣಿಗೆ ಬೆಳಿಗ್ಗೆ ಸಂಜೆ ತಪ್ಪದೆ ಹನಿ ಹಾಕಿಸಿಕೋ. ಉರಿದರೆ ಉರಿಯಲಿ. ಸೊಪ್ಪು ತಿನ್ನು, ಬಿಡಬೇಡ, ಅದು ಊಟ. ರಂಗೇಶಣ್ಣ ಸಿಟ್ಟಿನಲ್ಲಿ ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನ ತಲೆಯ ಮೇಲೆ ಕೈಯಿಟ್ಟು ಹರಸುವ ಅಭ್ಯಾಸ ನಿನಗಿದೆ. ಈ ಸಲ ಕಾಗದದ ಮೇಲೆ ಕೈಯಿಟ್ಟರೂ ಸಾಕು, ನನಗೆ ಮುಟ್ಟುತ್ತದೆ. ಮನೆದೇವರು ನಿನ್ನ ಉಳಿದ ಬೆಳಕನ್ನು ಕಾಯಲಿ.

ನಿನ್ನ ಮಗಳು,
ಲೋಹಿತಾ

ಅಶ್ವಿನಿ ಅತ್ತಿಗೆ, ಸಹಿ ಬಂತು ಅಂತ ಇಲ್ಲಿಗೆ ನಿಲ್ಲಿಸಬೇಡ. ಇದನ್ನೂ ಓದು.

ದೊಡ್ಡಮ್ಮ, ನೀನು ಮರೆತಿಲ್ಲ. ಆ ಎರಡು ಸಾಲನ್ನು ನಾನು ಓದಲೇ ಇಲ್ಲ. ಆ ದಿನ ಹೊನಗೊನೆಯ ಹೆಸರು ಬಂದ ಕೂಡಲೇ ನೀನು ಸೆರಗು ಸರಿಮಾಡಿಕೊಂಡು, "ನಾನು ಅವಾಗಿಂದ ಹೇಳ್ತಿರ್ಲಿಲ್ವಾ, ಈಗ ಪೇಪರ್‌ನೋರಿಗೆ ಗೊತ್ತಾಗೈತೆ," ಎಂದು ಅತ್ತಿಗೆಯನ್ನು ನೋಡಿ ನಕ್ಕೆ. ಅಷ್ಟು ದೊಡ್ಡದಾಗಿ ನೀನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಚೌಕದವರೆಗೆ ಬಂದೆ. ಅದು ನಾನು ಬರೆದ ಸಾಲಲ್ಲ, ಓದಿದರೆ ನಿನ್ನ ನಗು ಹೋಗುತ್ತದೆ ಅನ್ನಿಸಿತು. ಹಾಳೆ ಮಡಿಚಿದೆ. "ಮುಗೀತಾ ಮಗ?" ಅಂದೆ ನೀನು. ನಾನು "ಮುಗೀತು" ಅಂದೆ. ರಂಗೇಶಣ್ಣ ನಿನ್ನನ್ನು ಬೈಯುವಾಗ ಇದನ್ನು ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಇಷ್ಟು ಬರೆದ ಮೇಲೆ, ಇದನ್ನು ಅತ್ತಿಗೆಯ ಬಾಯಿಂದ ನಿನಗೆ ಕೇಳಿಸುವುದು ಸರಿಯಲ್ಲ ಅನ್ನಿಸುತ್ತಿದೆ. ಲಕೋಟೆಗೆ ವಿಳಾಸ ಬರೆದಿದ್ದೆ, ಅಂಟು ಹಚ್ಚಲಿಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ರಂಗೇಶಣ್ಣ ಹೊಲಕ್ಕೆ ಹೊರಡುವ ಮುಂಚೆ ಅವನನ್ನೂ ಅದೇ ಜಗಲಿಯ ಮೇಲೆ ಕೂರಿಸಿಕೊಂಡು ಓದುತ್ತೇನೆ. ಸಹಿ ಬಂದಾಗ ನೀನು "ಮುಗೀತಾ?" ಅನ್ನುತ್ತೀಯ. ಇನ್ನೂ ಇದೆ ಅಂದು, ಇಲ್ಲಿಯವರೆಗೂ ಓದುತ್ತೇನೆ.